ಲೀಡ್ಸ್‌ನಲ್ಲಿ ಬಸ್ಸು ‘ಬುಸ್’ ಆಗುವುದೇಕೆ?

ಪ್ರಶ್ನೆ: ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿರುವ ನನ್ನ ಮಗಳು, ಅಲ್ಲಿನವರು ಬಸ್ಸನ್ನು ‘ಬುಸ್’, ಕಪ್ಪನ್ನು ‘ಕುಪ್’ ಎನ್ನುತ್ತಾರೆಂದು ಹೇಳುತ್ತಾಳೆ. ಇದು ಅಶುದ್ಧ ಉಚ್ಚಾರಣೆಯೇ?

ಉತ್ತರ: ಖಂಡಿತ ಅಲ್ಲ, ನಿಜಕ್ಕೂ ಹಳೆಯ ಸ್ವರ ಅವರದೇ. ಹಿಂದೆ ಇಂಗ್ಲೆಂಡಿನಲ್ಲಿ ‘ಕಪ್’, ‘ಪುಟ್’ ಎರಡರಲ್ಲೂ ಒಂದೇ ಹ್ರಸ್ವ ಉಕಾರವಿತ್ತು. 17ನೆಯ ಶತಮಾನದಲ್ಲಿ ದಕ್ಷಿಣದವರ ಬಾಯಲ್ಲಿ ಅದು ಎರಡಾಗಿ ಒಡೆದು, ಕಪ್, ಸನ್ ಮೊದಲಾದ ಪದಗಳಲ್ಲಿ ನಮ್ಮ ಅಕಾರದ ಕಡೆಗೆ ಸರಿಯಿತು, ಪುಟ್, ಬುಲ್, ಫುಲ್‌ಗಳಂತೆ ತುಟಿಯ ವ್ಯಂಜನದ ನೆರೆಯಲ್ಲಿದ್ದ ಕೆಲವೆಡೆ ಮಾತ್ರ ಉಕಾರವಾಗಿಯೇ ಉಳಿಯಿತು (‘ಬಟ್’ ಈ ನಿಯಮಕ್ಕೂ ಬಗ್ಗಲಿಲ್ಲ!). ಉತ್ತರದ ಆಡುಮಾತಿಗೆ ಈ ಒಡಕು ತಲುಪಲಿಲ್ಲ. 19ನೆಯ ಶತಮಾನದಲ್ಲಿ ಹುಟ್ಟಿದ ‘ಬಸ್’ ಪದಕ್ಕೂ ಅಲ್ಲಿನವರು ತಮ್ಮ ಸ್ವರವನ್ನೇ ಕೊಟ್ಟರು. ನಮ್ಮ ಶಾಲೆಗಳಲ್ಲಿ ಮಾದರಿಯಾದದ್ದು ದಕ್ಷಿಣದ ಉಚ್ಚಾರಣೆಯಾದ್ದರಿಂದ ‘ಬುಸ್’ ನಮ್ಮ ಕಿವಿಗೆ ವಿಚಿತ್ರವೆನಿಸುತ್ತದೆ.