ವಕೀಲಿಕೆಯ 3 ವರ್ಷಗಳು ಎಂದಿನಿಂದ ಲೆಕ್ಕಕ್ಕೆ ಬರುತ್ತವೆ?

ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದುದರಿಂದ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಬೇಕಾದ 3 ವರ್ಷಗಳ ವಕೀಲಿಕೆಯ ಅನುಭವ ಇನ್ನೂ ಆರಂಭವೇ ಆಗಿಲ್ಲವೆಂಬ ನಿಮ್ಮ ಆತಂಕಕ್ಕೆ, ಪರೀಕ್ಷೆಯ ಫಲಿತಾಂಶವನ್ನೂ ನೋಂದಣಿಯ ದಿನಾಂಕವನ್ನೂ ಒಂದೆಂದು ಭಾವಿಸಿರುವುದೇ ಕಾರಣವೆಂದು ತೋರುತ್ತದೆ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ 3 ವರ್ಷಗಳನ್ನು ತಾತ್ಕಾಲಿಕ ನೋಂದಣಿಯ (ಪರೀಕ್ಷೆ ಪಾಸಾಗುವ ಮೊದಲೇ ರಾಜ್ಯ ವಕೀಲರ ಪರಿಷತ್ತಿನಲ್ಲಿ ಆಗುವ ನೋಂದಣಿ) ದಿನದಿಂದಲೇ ಎಣಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ.

ಮೊದಲು ನೋಂದಣಿ ಪತ್ರದ ದಿನಾಂಕ ನೋಡಿ, ಅಲ್ಲಿಂದ 2 ವರ್ಷಗಳೊಳಗೆ ಪರೀಕ್ಷೆಯಲ್ಲಿ ಉತ್ತೀರ್ಣರಾಗುವಂತೆ ಮುಂದಿನ ಸುತ್ತಿಗೇ ಅರ್ಜಿ ಹಾಕಿ. ನೀವು ಯಾವ ಭಾಷೆಯಲ್ಲಿ ಬರೆದಿರೆಂದು ತಿಳಿಸಿಲ್ಲ. ಓದಿದ್ದು ಕನ್ನಡದಲ್ಲಾದರೆ ಪ್ರಶ್ನೆಪತ್ರಿಕೆಯನ್ನೂ ಕನ್ನಡದಲ್ಲೇ ಆಯ್ದುಕೊಳ್ಳಿ. 100 ಪ್ರಶ್ನೆಗಳಿಗೆ ಋಣಾತ್ಮಕ ಅಂಕಗಳಿಲ್ಲವಾದ್ದರಿಂದ ಒಂದನ್ನೂ ಬಿಡಬೇಡಿ. ಟಿಪ್ಪಣಿಯಿಲ್ಲದ ಮೂಲ ಕಾಯ್ದೆಯ ಪುಸ್ತಕಗಳನ್ನು ಒಯ್ಯಲು ಅವಕಾಶವಿದೆ, ಆದರೆ ಯಾವ ಕಲಮು ಎಲ್ಲಿದೆಯೆಂಬ ಅಭ್ಯಾಸವಿಲ್ಲದವರಿಗೆ ಅದು ಹೆಚ್ಚು ಉಪಕರಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳ ಹೊಸ ಕಲಮುಗಳನ್ನು ವಿಶೇಷವಾಗಿ ಓದಿಕೊಳ್ಳಿ.

ಅನುಭವಕ್ಕೆ ಆಧಾರ ಕೂಡಿಡುವುದು ಇದಕ್ಕಿಂತ ಮುಖ್ಯ, ಕಿರಿಯ ವಕೀಲರು ಹೆಚ್ಚಾಗಿ ಕಡೆಗಣಿಸುವುದೂ ಇದನ್ನೇ. ನೀವು ವಕೀಲಿಕೆ ನಡೆಸುವ ನ್ಯಾಯಾಲಯದ ಪ್ರಧಾನ ನ್ಯಾಯಿಕ ಅಧಿಕಾರಿಯ ಪ್ರಮಾಣಪತ್ರ ಬೇಕು, ಇಲ್ಲವೇ ಅಲ್ಲಿನ ಕನಿಷ್ಠ 10 ವರ್ಷ ಅನುಭವವಿರುವ ವಕೀಲರ ಪ್ರಮಾಣಪತ್ರ ಬೇಕು, ಅದಕ್ಕೆ ಆ ಜಿಲ್ಲೆಯ ಅಥವಾ ಸ್ಥಳದ ಪ್ರಧಾನ ನ್ಯಾಯಿಕ ಅಧಿಕಾರಿಯ ದೃಢೀಕರಣವೂ ಬೇಕು. ಆದ್ದರಿಂದ ನಿಮ್ಮ ಹೆಸರಿರುವ ವಕಾಲತ್ತುಗಳ ಪ್ರತಿಗಳನ್ನೂ ಹಾಜರಾತಿ ದಾಖಲಾದ ಆದೇಶಗಳನ್ನೂ ಇಂದಿನಿಂದಲೇ ದಿನಾಂಕವಾರು ಜೋಡಿಸಿಡಿ. ದಾಖಲೆಗಳ ನಮೂನೆಯ ವಿಷಯದಲ್ಲಿ ನೀವು ಅರ್ಜಿ ಹಾಕುವ ವರ್ಷದ ಹೈಕೋರ್ಟ್ ಅಧಿಸೂಚನೆಯನ್ನೇ ಅನುಸರಿಸಿ.