ಡ್ಯುಪಾಂಟ್‌ನಲ್ಲಿ ಕಿಟಕಿ ಅದುರಿದರೆ ಹೆದರಬೇಡಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಡ್ಯುಪಾಂಟ್‌ನಲ್ಲಿ ಮನೆ ಹಿಡಿದಿದ್ದೇವೆ, ರಾತ್ರಿ ಢಂ ಅಂತ ಸದ್ದಾಗಿ ಕಿಟಕಿ ಅದುರುತ್ತದೆ, ಪಕ್ಕದಲ್ಲಿರುವುದು ಯಾವ ಸೈನ್ಯ, ಚಿಕ್ಕ ಮಕ್ಕಳಿದ್ದಾರೆ, ಇಲ್ಲಿರಬಹುದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಇರಿ. ಅದು ಫಿರಂಗಿ ಅಭ್ಯಾಸ. ನಾವು ಬಂದ ಮೊದಲ ವಾರ ಅಡುಗೆಮನೆಯ ಸ್ಟೀಲ್ ಲೋಟಗಳು ಗಲಗಲ ಅಂದಾಗ, ಭೂಕಂಪ ಅಂದುಕೊಂಡು ಮಗಳನ್ನು ಎತ್ತಿಕೊಂಡು ಹೊರಗೆ ಓಡಿದ್ದೆ.

ಬೇಲಿಯ ಆಚೆ ಇರುವುದು ಅಮೆರಿಕದ ಸೇನಾ ನೆಲೆ, ಲೂಯಿಸ್-ಮೆಕಾರ್ಡ್. 1917ರಲ್ಲಿ ಪಿಯರ್ಸ್ ಕೌಂಟಿಯ ಜನ ವೋಟು ಹಾಕಿ, ಸಾಲ ಎತ್ತಿ, ಸುಮಾರು 70,000 ಎಕರೆ ಸೈನ್ಯಕ್ಕೆ ಕೊಟ್ಟ ಜಾಗ. ಅಲ್ಲಿ ಒಂದನೇ ಕೋರ್‌ನ ಕೇಂದ್ರ ಕಚೇರಿ ಇದೆ. ಕೋರ್ ಅಂದರೆ ಹಲವು ಡಿವಿಷನ್‌ಗಳು ಸೇರಿದ ದೊಡ್ಡ ಸೇನಾ ಪಡೆ. ಬರೆಯುವುದು ರೋಮನ್ ಅಂಕಿ ಒಂದು (I), ಆದರೆ ಎಲ್ಲರೂ 'ಐ ಕೋರ್' ಅಂತಲೇ ಅನ್ನುತ್ತಾರೆ. ತೋಳಿನ ಮೇಲೆ ಬಿಳಿ ಅಂಚಿನ ಕಪ್ಪು ಬಿಲ್ಲೆ ಕಂಡರೆ ಅವರೇ.

ಅಮೆರಿಕದ ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಕಾದಾಡಿದ ಒಂದನೇ ಕೋರ್ ಇದೇನಾ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ಹೆಸರು ಒಂದೇ, ವಂಶ ಬೇರೆ. ಇದು ಹುಟ್ಟಿದ್ದು 1918ರ ಜನವರಿಯಲ್ಲಿ, ಫ್ರಾನ್ಸಿನಲ್ಲಿ. ಹಂಟರ್ ಲಿಗೆಟ್ ಮೊದಲ ದಂಡನಾಯಕ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಮುಚ್ಚಿದರು. ಆದರೆ ಇಲ್ಲಿ ಪಡೆ ಮುಚ್ಚಿದರೆ ಸತ್ತಂತಲ್ಲ. ಬಾವುಟ ಸುತ್ತಿ, ಚೀಲ ತೊಡಿಸಿ ಇಡುತ್ತಾರೆ. ಮತ್ತೆ ಬಿಚ್ಚಿದಾಗ ಹಳೆಯ ಕದನಗಳ ಗೌರವವೆಲ್ಲ ಅದರದ್ದೇ. 1940ರಲ್ಲಿ ಹಾಗೇ ಎದ್ದು ನ್ಯೂಗಿನಿಯ ಬುನಾ, ಫಿಲಿಪ್ಪೀನ್ಸಿನ ಲುಜಾನ್ ಕಂಡಿತು. 1950ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಮತ್ತೆ ಮುಚ್ಚಿದರೆ, ಆಗಸ್ಟ್‌ನಲ್ಲೇ ಕೊರಿಯಾ ಯುದ್ಧಕ್ಕೆಂದು ಎಬ್ಬಿಸಿದರು! 1971ರ ತನಕ ಕೊರಿಯಾದಲ್ಲೇ ಇತ್ತು. ಇಲ್ಲಿಗೆ ಬಂದದ್ದು 1981ರಲ್ಲಿ.

ಕೊರಿಯಾ ಅಂದರೆ ನನಗೆ ಜಾಸ್ತಿ ಅಭಿಮಾನ. 1953ರ ಕದನವಿರಾಮದ ನಂತರ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ಐದು ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಮಡಿಕೇರಿಯ ಸೇನಾನಿ ತಿಮ್ಮಯ್ಯ. ನಮ್ಮ ಪಕ್ಕದ ಮನೆಯ ಅಜ್ಜ ಐ ಕೋರ್‌ನಲ್ಲಿ ಕೊರಿಯಾದಲ್ಲಿದ್ದವರು. ತೋಳಿನ ಬಿಲ್ಲೆಯನ್ನು ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ, ಅಂಚು ಹಳದಿಯಾಗಿದೆ. ತಿಮ್ಮಯ್ಯನವರ ಕಥೆ ಹೇಳಿದ ದಿನ ಅದನ್ನು ತೆಗೆದು ನನ್ನ ಕೈಗಿಟ್ಟರು, ತುಂಬಾ ಹೊತ್ತು ಮಾತಾಡಲಿಲ್ಲ.

ನಿಮ್ಮ ಬೀದಿಯಲ್ಲೂ ಅಂಥವರು ಇದ್ದೇ ಇರುತ್ತಾರೆ, ಸುಮ್ನೆ ಹೋಗಿ ಮಾತಾಡಿಸಿ. ದೊಡ್ಡ ಅಭ್ಯಾಸ ಇದ್ದರೆ ನೆಲೆಯವರು ಮೊದಲೇ ತಿಳಿಸುತ್ತಾರೆ, ಅದನ್ನು ನೋಡುತ್ತಿರಿ. ಮತ್ತೆ, ಲೋಟಗಳ ಕೆಳಗೆ ಒಂದು ದಪ್ಪ ಬಟ್ಟೆ ಹಾಸಿ.