ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ರಕ್ತನಾಳ ಸರಿಯಾಗಿದೆಯೇ ಎಂದು ಅಲ್ಟ್ರಾಸೌಂಡ್‌ನಿಂದ ಹೇಗೆ ತಿಳಿಯುತ್ತಾರೆ?

ಎದೆಯನ್ನು ಮುಚ್ಚುವ ಮೊದಲೇ, ಹೊಸದಾಗಿ ಜೋಡಿಸಿದ ನಾಳದಲ್ಲಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹರಿಯುತ್ತಿದೆ ಎಂಬುದನ್ನು ಅಲ್ಟ್ರಾಸೌಂಡ್‌ನಿಂದ ಅಳೆಯುತ್ತಾರೆ. ಸಂಶಯ ಬಂದರೆ ಹೊಲಿಗೆಯ ಜಾಗವನ್ನೇ ಚಿತ್ರವಾಗಿ ನೋಡುತ್ತಾರೆ.

ಅಳತೆಗೆ ಬಳಸುವುದು ಕೊಕ್ಕೆಯಂತೆ ನಾಳವನ್ನು ಸುತ್ತುವರಿದು ಕೂರುವ ಪುಟ್ಟ ಪ್ರೋಬ್, ಅಂದರೆ ಅಳೆಯುವ ಸಾಧನ. ಅದು ಕಿವಿಗೆ ಕೇಳದ ಧ್ವನಿತರಂಗಗಳನ್ನು ರಕ್ತ ಹರಿಯುವ ದಿಕ್ಕಿನಲ್ಲೊಮ್ಮೆ, ಅದಕ್ಕೆ ಎದುರಾಗಿ ಒಮ್ಮೆ ಕಳಿಸುತ್ತದೆ. ಹೊಳೆಯ ಸೆಳವಿನ ಜೊತೆ ಈಜುವವನು ಬೇಗ ತಲುಪಿ, ಎದುರು ಈಜುವವನು ತಡವಾಗಿ ತಲುಪುವಂತೆ, ಈ ಎರಡು ಪಯಣಗಳ ಸಮಯದಲ್ಲಿ ಅತಿಸೂಕ್ಷ್ಮ ಅಂತರ ಉಂಟಾಗುತ್ತದೆ. ಆ ಅಂತರದಿಂದಲೇ ಹರಿವಿನ ಪ್ರಮಾಣವನ್ನು ಯಂತ್ರ ಲೆಕ್ಕಹಾಕುತ್ತದೆ.

ಸರಾಸರಿ ಹರಿವು ನಿಮಿಷಕ್ಕೆ ಸುಮಾರು 20 ಮಿಲಿಲೀಟರ್‌ಗಿಂತ ಕಡಿಮೆಯಿದ್ದರೆ, ಅಥವಾ ಗರಿಷ್ಠ ಮತ್ತು ಕನಿಷ್ಠ ಹರಿವುಗಳ ಅಂತರವನ್ನು ಸರಾಸರಿಯಿಂದ ಭಾಗಿಸಿದಾಗ ಬರುವ ಅಂಕಿ 5ನ್ನು ಮೀರಿದರೆ, ಸಾಮಾನ್ಯವಾಗಿ ಜೋಡಣೆಯನ್ನು ಮತ್ತೊಮ್ಮೆ ಪರಿಶೀಲಿಸುತ್ತಾರೆ. ಹೃದಯದ ಎಡಭಾಗದ ನಾಳಗಳಿಗೆ ಹೆಚ್ಚಿನ ರಕ್ತ ಹರಿಯುವುದು ಹೃದಯ ಸಡಿಲಗೊಂಡಾಗ. ಆದ್ದರಿಂದ ಹರಿವೆಲ್ಲ ಹೃದಯ ಸಂಕುಚಿಸುವಾಗಲೇ ಕಂಡರೆ ಅದೂ ಎಚ್ಚರಿಕೆಯ ಸೂಚನೆಯೇ.

ಆದರೆ ಅಂಕಿಯೊಂದನ್ನೇ ನಂಬಿ ಹೊಲಿಗೆ ಬಿಚ್ಚುವುದು ಸರಿಯಲ್ಲ. ರಕ್ತ ಸೇರಬೇಕಾದ ನಾಳವೇ ತೀರ ಸಣ್ಣದಿರಬಹುದು, ಜೋಡಿಸಿದ ನಾಳ ತಾತ್ಕಾಲಿಕವಾಗಿ ಬಿಗಿದುಕೊಂಡಿರಬಹುದು, ಇಲ್ಲವೇ ಮೂಲ ನಾಳದಲ್ಲಿ ಇನ್ನೂ ಸಾಕಷ್ಟು ರಕ್ತ ಹರಿಯುತ್ತಿರುವುದರಿಂದ ಹೊಸದಕ್ಕೆ ಕೆಲಸ ಕಡಿಮೆಯಿರಬಹುದು. ಇಂಥಲ್ಲಿ ಹೃದಯದ ಮೇಲ್ಮೈಗೇ ತಾಗಿಸಿ ಹಿಡಿಯುವ, ಹೆಚ್ಚಿನ ಆವರ್ತನದ ಇನ್ನೊಂದು ಪ್ರೋಬ್ ನೆರವಿಗೆ ಬರುತ್ತದೆ. ಒಂದೂವರೆ, ಎರಡು ಮಿಲಿಮೀಟರ್ ಅಗಲದ ನಾಳದಲ್ಲಿ ಒಂದು ಹೊಲಿಗೆ ಎದುರುಗೋಡೆಗೆ ಸಿಕ್ಕಿಕೊಂಡಿದ್ದರೂ ಅದರ ಚಿತ್ರದಲ್ಲಿ ಕಾಣಬಹುದು, ಮತ್ತು ಆ ದೋಷವನ್ನು ಅಲ್ಲಿಯೇ ಸರಿಪಡಿಸಬಹುದು.